ಕಣ್ಣಿಗೆ ಕಂಡ ತಾಳ ಕೈಗೆ ಬರಲು

ಕ್ಯೂಬಾದ ಸೋನ್, ರುಂಬಾ, ಬೆಂಬೆ ಲಯಗಳನ್ನು ಪರದೆಯ ಮೇಲೆ ತಿರುಗುವ ಚಕ್ರಗಳನ್ನು ನೋಡಿ ಕಲಿಯುತ್ತಿರುವ ಓದುಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾನು ಮೃದಂಗ ಕಲಿತವಳು. ಒಂದು ಆ್ಯನಿಮೇಷನ್‌ನಲ್ಲಿ ದುಂಡನೆಯ ಚಕ್ರ, ಅದರ ಅಂಚಿಗೆ 16 ಚುಕ್ಕಿ. ಐದು ಮಾತ್ರ ಕೆಂಪು. ಮುಳ್ಳು ಅವುಗಳನ್ನು ದಾಟಿದಾಗ ಕೋಲಿನ ಸದ್ದು ಬರುತ್ತದೆ. ಇದನ್ನು ನಮ್ಮ ಲೆಕ್ಕಕ್ಕೆ ತರುವುದು ಹೇಗೆ? ಸಮ ಎಲ್ಲಿದೆ?
– ಮೈಸೂರಿನ ಓದುಗರು

ಉತ್ತರ: ನೀವು ನೋಡಿರುವುದು ಸೋನ್ ಕ್ಲಾವೆ ಇರಬೇಕು. ಕ್ಲಾವೆ ಎಂದರೆ ಸ್ಪ್ಯಾನಿಷ್‌ನಲ್ಲಿ ಕೀಲಿ. ಎರಡು ಗಟ್ಟಿಮರದ ಕೋಲುಗಳಿಗೆ 'ಕ್ಲಾವೆಸ್' ಎಂದು ಹೆಸರು, ಅವು ನುಡಿಸುವ ಲಯಕ್ಕೆ 'ಕ್ಲಾವೆ'. ಮೇಲ್ತುದಿಯ ಚುಕ್ಕಿಯನ್ನು 1 ಎಂದು ಇಟ್ಟುಕೊಂಡು ಬಲಕ್ಕೆ ಎಣಿಸುತ್ತಾ ಹೋಗಿ. ಕೆಂಪು ಚುಕ್ಕಿಗಳು 1, 4, 7, 11, 13ರಲ್ಲಿ ಸಿಗುತ್ತವೆ. ನಡುವಿನ ಅಂತರ 3, 3, 4, 2, 4. ಅಂದರೆ ನಿಮ್ಮ ಬಾಯಿಗೆ ಇದು ಈಗಾಗಲೇ ಗೊತ್ತು:

ತಕಿಟ ತಕಿಟ ತಕಧಿಮಿ ತಕ ತಕಧಿಮಿ

ಪ್ರತಿ ಸೊಲ್ಲಿನ ಮೊದಲ ಅಕ್ಷರಕ್ಕೆ ಒಂದು ಕೋಲೇಟು. ಈಗ ಕೈಯಲ್ಲಿ ತಾಳ ಹಾಕಿ, ಏಟಿಗೆ ನಾಲ್ಕು ಅಕ್ಷರದಂತೆ ನಾಲ್ಕು ಏಟು. ಆದಿತಾಳದ ಒಂದು ಲಘುವಿನಷ್ಟೇ ಅಳತೆ. ಮೊದಲ ಏಟು ಮೊದಲ 'ತ' ಮೇಲೆ ಬೀಳುತ್ತದೆ. ಎರಡನೆಯದು ಎರಡನೇ ತಕಿಟದ 'ಕಿ' ಮೇಲೆ, ಮೂರನೆಯದು ಮೊದಲ ತಕಧಿಮಿಯ 'ಧಿ' ಮೇಲೆ, ನಾಲ್ಕನೆಯದು ಕೊನೆಯ ತಕಧಿಮಿಯ 'ತ' ಮೇಲೆ. ಐದು ಕೋಲೇಟಿನಲ್ಲಿ ಎರಡು ಮಾತ್ರ ತಾಳಕ್ಕೆ ಕೂಡುತ್ತವೆ, ಮೂರು ಹೊರಗೆ ನಿಲ್ಲುತ್ತವೆ. ಆ 'ಕಿ', ಆ 'ಧಿ' ಕೈಗೆ ಗಟ್ಟಿಯಾಗುವ ತನಕ ಕೋಲು ಹಿಡಿಯಬೇಡಿ. ಹೆಚ್ಚಿನವರು ಎಡವುವುದು 'ಧಿ'ಯಲ್ಲಿ: ತಾಳದ ಕೈ ತಾನಾಗಿಯೇ ಎರಡು ಅಕ್ಷರ ಮುಂಚೆ, ಮೂರನೇ ಕೋಲೇಟಿನ ಜೊತೆಗೇ ಇಳಿದುಬಿಡುತ್ತದೆ.

ಸಮದ ಮಾತು. ತೀರ್ಮಾನ, ಮುಕ್ತಾಯ ಎಲ್ಲ ಬಂದು ಇಳಿಯುವ ನಮ್ಮ ಸಮದಂಥ ಒಂದೇ ಜಾಗವನ್ನು ಇಲ್ಲಿ ಹುಡುಕಬೇಡಿ. ಚಕ್ರದ ಬಲ ಅರ್ಧದಲ್ಲಿ ಮೂರು ಏಟು, ಎಡ ಅರ್ಧದಲ್ಲಿ ಎರಡು. ಹಾಡು ಮೂರರ ಕಡೆಯಿಂದ ಶುರುವಾದರೆ 3–2, ಎರಡರ ಕಡೆಯಿಂದಾದರೆ 2–3. ಚಕ್ರದ ಚಿತ್ರ ನಿಜಕ್ಕೂ ಉಪಕಾರ ಮಾಡುವುದು ಇಲ್ಲಿ. ಸಾಲಾಗಿ ಬರೆದರೆ ಇವೆರಡೂ ಬೇರೆ ಬೇರೆ ಲಯದ ಹಾಗೆ ಕಾಣುತ್ತವೆ, ಚಕ್ರದಲ್ಲಿ ಚುಕ್ಕಿಗಳು ಇದ್ದಲ್ಲೇ ಇದ್ದು ಹೊರಡುವ ಜಾಗ ಮಾತ್ರ ಮೇಲಿನಿಂದ ಕೆಳಕ್ಕೆ ಬರುತ್ತದೆ. ಒಮ್ಮೆ ಹೊರಟ ಮೇಲೆ ಕ್ಲಾವೆ ತಿರುಗಿ ನಿಲ್ಲುವುದಿಲ್ಲ. ಉಳಿದವರು ಅದಕ್ಕೆ ಅಡ್ಡವಾಗಿ ನುಡಿಸಿದರೆ ಕ್ಯೂಬಾದವರು 'ಕ್ರುಸಾದೊ', ಅಡ್ಡ ಬಿತ್ತು, ಎನ್ನುತ್ತಾರೆ.

ಮುಂದೆ ರುಂಬಾ ಕ್ಲಾವೆಗೆ ಬಂದಾಗ ಬದಲಾಗುವುದು ಒಂದೇ ಚುಕ್ಕಿ: 7ರಲ್ಲಿದ್ದುದು 8ಕ್ಕೆ ಸರಿಯುತ್ತದೆ. ತಕಿಟ ತಕಧಿಮಿ ತಕಿಟ ತಕ ತಕಧಿಮಿ. ಕಣ್ಣಿಗೆ ಅದು 22.5 ಡಿಗ್ರಿಯ ಸಣ್ಣ ಸರಿತ, ಕಿವಿಗೆ ಬೇರೆಯೇ ಲೋಕ. ರುಂಬಾದ ಒಂದು ಬಗೆಯಾದ ಗ್ವಾಗ್ವಾಂಕೋ ನಿಲ್ಲುವುದು ಈ ಕ್ಲಾವೆಯ ಮೇಲೆ. ಇಲ್ಲಿ ಆ್ಯನಿಮೇಷನ್ ಹೇಳದ ಒಂದು ಸಂಗತಿಯಿದೆ. ಪರದೆಯಲ್ಲಿ ಚುಕ್ಕಿ ತನ್ನ ಮನೆಯಲ್ಲೇ ಕದಲದೆ ಕೂತಿರುತ್ತದೆ, ಪಳಗಿದ ಕೈಯಲ್ಲಿ ಹಾಗಲ್ಲ. ಚತುರಶ್ರಕ್ಕೂ (ನಾಲ್ಕರ ನಡೆ) ತಿಶ್ರಕ್ಕೂ (ಮೂರರ ನಡೆ) ನಡುವೆ ಎಲ್ಲೋ ನಿಲ್ಲುತ್ತದೆ. 1952ರಲ್ಲಿ ಹುಟ್ಟಿದ ಲೋಸ್ ಮುನ್ಯೆಕಿತೋಸ್ ದೆ ಮತಾನ್ಸಾಸ್ ತಂಡದ ಧ್ವನಿಮುದ್ರಿಕೆ ಹಾಕಿಕೊಂಡು ಬರೀ ಕೋಲಿನ ಸದ್ದನ್ನು ಹಿಂಬಾಲಿಸಿ. ಚಕ್ರದಿಂದ ಲೆಕ್ಕ ಕಲಿಯಿರಿ, ತೂಕವನ್ನು ಇವರಿಂದಲೇ ಕಲಿಯಬೇಕು.

ಪ್ರಶ್ನೆ: ಚುಕ್ಕಿ ಹೊಳೆದ ಕೂಡಲೇ ಹೊಡೆಯುತ್ತೇನೆ. ಆದರೂ ರೆಕಾರ್ಡ್ ಮಾಡಿ ಕೇಳಿದರೆ ಪ್ರತಿ ಏಟೂ ತಡ. ವೇಗ ಹೆಚ್ಚಿಸಿದಷ್ಟೂ ಇನ್ನೂ ಹಾಳು. ತಪ್ಪು ಕೈಯದೋ ಫೋನಿನದೋ?
– ಹುಬ್ಬಳ್ಳಿಯ ಓದುಗರು

ಉತ್ತರ: ಎರಡರದ್ದೂ ಇರಬಹುದು. ಮೊದಲು ಫೋನ್ ನೋಡೋಣ, ಅದನ್ನು ಸರಿಮಾಡುವುದು ಸುಲಭ. ಬ್ಲೂಟೂತ್ ಇಯರ್‌ಫೋನ್ ಹಾಕಿದ್ದರೆ ತೆಗೆಯಿರಿ. ಹಲವು ಬ್ಲೂಟೂತ್ ಸಾಧನಗಳಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡ್ ತಡವಾಗಿ ಕಿವಿ ಮುಟ್ಟುತ್ತದೆ. ನಿಮಿಷಕ್ಕೆ 96 ತಾಳದೇಟಿನ ವೇಗದಲ್ಲಿ ಇಡೀ ಚಕ್ರ ತಿರುಗಲು 2.5 ಸೆಕೆಂಡ್ ಸಾಕು, ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಸುಮಾರು 156 ಮಿಲಿಸೆಕೆಂಡ್. ಹಾಗಾದರೆ ಕಣ್ಣು 4ನೇ ಚುಕ್ಕಿಯಲ್ಲಿರುವಾಗ ಕಿವಿ 3ರಲ್ಲಿರುತ್ತದೆ. 60ರ ವೇಗದಲ್ಲಿ ಚುಕ್ಕಿಗಳ ಅಂತರ 250 ಮಿಲಿಸೆಕೆಂಡ್ ಇರುವುದರಿಂದ ದೋಷ ಅಷ್ಟು ಕಾಣುವುದಿಲ್ಲ. ವೇಗ ಹೆಚ್ಚಿದಷ್ಟೂ ಹಾಳಾಗುವುದಕ್ಕೆ ಇದೊಂದು ಕಾರಣ. ತಂತಿಯ ಇಯರ್‌ಫೋನ್ ಅಥವಾ ಫೋನಿನದೇ ಸ್ಪೀಕರ್ ಬಳಸಿ.

ಆಮೇಲೆ ಕೈ. ಬೆಳಕು ಕಂಡು ಕೈ ಆಡಿಸಲು ಯಾರಿಗಾದರೂ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬೇಕು. ಹೊಳೆದ ಮೇಲೆ ಹೊಡೆಯುವುದು ಎಂದರೆ ತಡವಾಗಿಯೇ ಹೊಡೆಯುವುದು. ನೋಡಬೇಕಾದ್ದು ಚುಕ್ಕಿಯನ್ನಲ್ಲ, ಚುಕ್ಕಿಯ ಕಡೆಗೆ ಬರುತ್ತಿರುವ ಮುಳ್ಳನ್ನು. ಜೋಕಾಲಿ ತಿರುಗಿ ಬರುವ ಹೊತ್ತಿಗೆ ನೂಕಲು ಕೈ ಚಾಚಿಕೊಂಡಿರುತ್ತೀರಲ್ಲ, ಹಾಗೆ. ಆದ್ದರಿಂದ ಬರೀ ಮಿನುಗುವ ಚುಕ್ಕಿಗಳ ಆ್ಯಪ್‌ಗಿಂತ ಮುಳ್ಳು ನಯವಾಗಿ ಸುತ್ತುವ ಅಥವಾ ಚೆಂಡು ಪುಟಿಯುವ ಆ್ಯಪ್ ಆರಿಸಿ.

ಅಭ್ಯಾಸ ಹೀಗಿರಲಿ. 60ರ ವೇಗದಲ್ಲಿ ಮೊದಲ 16 ಸುತ್ತು ನೋಡುತ್ತಾ ಬಾಯಲ್ಲಿ ಮಾತ್ರ ಹೇಳಿ. ಮುಂದಿನ 16 ಸುತ್ತು ಕಾಲಲ್ಲಿ ತಾಳ, ಕೈಯಲ್ಲಿ ಚಪ್ಪಾಳೆ. ಆಮೇಲೆ ಸದ್ದು ನಿಲ್ಲಿಸಿ, ಚಿತ್ರ ನೋಡುತ್ತಾ 8 ಸುತ್ತು. ಕೊನೆಗೆ ಸದ್ದು ಇಲ್ಲದೆ, ಕಣ್ಣನ್ನೂ ಮುಚ್ಚಿ 4 ಸುತ್ತು ನುಡಿಸಿ. ಐದನೇ ಸುತ್ತಿನ ಮೊದಲ ಏಟಿಗೆ ಕಣ್ಣು ತೆರೆಯಿರಿ. ಮುಳ್ಳು ಎಲ್ಲಿದೆ? ಮೇಲ್ತುದಿಗಿಂತ ಒಂದು ಚುಕ್ಕಿಯೊಳಗಿದ್ದರೆ ವೇಗವನ್ನು 4 ಹೆಚ್ಚಿಸಿ, ಇಲ್ಲದಿದ್ದರೆ ಅದೇ ವೇಗ ನಾಳೆಯೂ. ಈ ಕೊನೆಯ ಹಂತ ಬಿಟ್ಟವರು ಆರು ತಿಂಗಳಾದರೂ ಪರದೆ ಇಲ್ಲದೆ ನುಡಿಸಲಾರರು. ಇದು ಬೆದರಿಕೆಯಲ್ಲ, ಕಣ್ಣು ಕೆಲಸ ಮಾಡುತ್ತಿರುವಷ್ಟು ದಿನ ಕಿವಿ ಎಣಿಸುವುದನ್ನು ಕಲಿಯುವುದೇ ಇಲ್ಲ.

ಪ್ರಶ್ನೆ: 16ರ ಚಕ್ರ ಒಲಿಯಿತು. 12 ಚುಕ್ಕಿಯ ಬೆಂಬೆ ಲಯದ ಗಂಟೆಯ (ಬೆಲ್) ಏಟುಗಳಿಗೆ ಬಂದರೆ ಕಾಲಿನ ತಾಳ ನಡುವೆಯೇ ತಪ್ಪಿಹೋಗುತ್ತದೆ.
– ಮಂಗಳೂರಿನ ಓದುಗರು

ಉತ್ತರ: ಗೋಡೆಗಡಿಯಾರದ ಮುಖ ನೆನಪಿಸಿಕೊಳ್ಳಿ, 12 ಚುಕ್ಕಿಗೆ 12 ಅಂಕಿ. ಬೆಂಬೆಯ ಗಂಟೆ ಬಡಿಯುವುದು 12, 2, 4, 5, 7, 9, 11ರಲ್ಲಿ. ಕಾಲು ಬೀಳಬೇಕಾದ್ದು 12, 3, 6, 9ರಲ್ಲಿ. ಎರಡೂ ಸೇರುವುದು 12 ಮತ್ತು 9ರಲ್ಲಿ ಮಾತ್ರ. ತಪ್ಪು ಎಲ್ಲಿ ಹುಟ್ಟುತ್ತದೆಂದು ನೋಡಿ: ಮೊದಲ ಮೂರು ಏಟು 12, 2, 4, ಸಮ ಅಂತರದಲ್ಲಿವೆ. ಕಾಲು 'ಇದೇ ತಾಳ' ಎಂದುಕೊಂಡು ಅವುಗಳ ಜೊತೆ ಹೊರಟುಬಿಡುತ್ತದೆ. 5ಕ್ಕೆ ಬಂದಾಗ ಗಂಟೆ ಒಂದೇ ಹೆಜ್ಜೆ ಇಡುತ್ತದೆ, ಕಾಲು ಗಾಳಿಯಲ್ಲಿ ಉಳಿಯುತ್ತದೆ.

ಹಾಗಾಗಿ ಗಂಟೆಯಿಂದ ಶುರು ಮಾಡಬೇಡಿ. ಆ್ಯಪ್‌ನಲ್ಲಿ ಗಂಟೆಯ ಚುಕ್ಕಿಗಳನ್ನು ತೆಗೆದು 12, 3, 6, 9 ಮಾತ್ರ ಇಟ್ಟು ಎರಡು ನಿಮಿಷ ಕಾಲು ನಡೆಸಿ. ಬಾಯಲ್ಲಿ ತಕಿಟ, ತಕಿಟ, ತಕಿಟ, ತಕಿಟ. ನಂತರ ಗಂಟೆಯ ಒಂದೊಂದೇ ಚುಕ್ಕಿ ಸೇರಿಸಿ. ಮೊದಲು 12 ಮತ್ತು 9, ಆಮೇಲೆ 2 (3ರ ಕಾಲಿಗೆ ತುಸು ಮುಂಚೆ), 4 (ಅದೇ ಕಾಲಿನ ಬೆನ್ನಿಗೆ), 5 ಮತ್ತು 7 (6ರ ಕಾಲಿನ ಎರಡು ಪಕ್ಕ), ಕೊನೆಗೆ 11. ಕಾಲು ಅಲ್ಲಾಡಿದ ಕ್ಷಣ ಕೊನೆಗೆ ಸೇರಿಸಿದ ಚುಕ್ಕಿಯನ್ನು ತೆಗೆದು ಹಿಂದಕ್ಕೆ ಹೋಗಿ.

ಈ ಗಂಟೆಯ ಅಂತರಗಳು 2, 2, 1, 2, 2, 2, 1. ಹಾರ್ಮೋನಿಯಂ ಬಲ್ಲವರು ಗಮನಿಸಿ: ಮೊದಲ ಬಿಳಿಯಿಂದ ಶಂಕರಾಭರಣದ ಆರೋಹಣ ಏರುವಾಗ ಸ್ವರಗಳ ನಡುವೆ ಇರುವ ಅಂತರವೂ ಇದೇ. ಏಳು ಬಿಳಿ ಮನೆ, ನಡುವೆ ಐದು ಕಪ್ಪು. ಬಿಳಿಗೆ ಗಂಟೆ, ಕಪ್ಪಿಗೆ ಮೌನ.

ಪ್ರಶ್ನೆ: ಕಾಂಗಾ (ಕೈಯಲ್ಲಿ ಬಾರಿಸುವ ಉದ್ದನೆಯ ಡೋಲು) ಮೇಲೆ ತುಂಬಾವೊ ಎಂಬ ಮೂಲ ಲಯ ನುಡಿಸುವ ವಿಡಿಯೊದಲ್ಲಿ ಎಂಟು ಬಣ್ಣದ ಚುಕ್ಕಿಗಳಿವೆ. ಹಾಗೆಯೇ ನುಡಿಸಿದರೂ ಸಾಲ್ಸಾದ ಹಾಗೆ ಕೇಳುವುದಿಲ್ಲ.
– ಬೆಂಗಳೂರಿನ ಓದುಗರು

ಉತ್ತರ: ಬಣ್ಣಗಳು ಯಾವ ಏಟು ಎಂದು ಹೇಳುತ್ತವೆ, ಎಷ್ಟು ಜೋರು ಎಂದು ಹೇಳುವುದಿಲ್ಲ. ನಿಮ್ಮ ತೊಡಕು ಬಹುಶಃ ಅದೇ. ಎಂಟು ಏಟು ಹೀಗೆ: ಎಡಗೈ ಅಂಗೈಬುಡ, ಎಡಗೈ ಬೆರಳು, ಬಲಗೈ ಸ್ಲ್ಯಾಪ್ (ಚಟ್ಟನೆಯ ಏಟು), ಎಡಗೈ ಬೆರಳು, ಎಡಗೈ ಅಂಗೈಬುಡ, ಎಡಗೈ ಬೆರಳು, ಬಲಗೈ ಓಪನ್ (ನಾದ ಬಿಡುವ ಏಟು), ಬಲಗೈ ಓಪನ್. ಎಡಗೈಯ ಐದು ಏಟು ಕೇಳುಗರಿಗಲ್ಲ, ನಿಮ್ಮ ಎಣಿಕೆಗೆ. ಅಂಗೈ ತೊಗಲನ್ನು ಬಿಟ್ಟು ಮೇಲೇಳದೆ ತೂಗುಮಣೆಯ ಹಾಗೆ ಬುಡದಿಂದ ಬೆರಳಿಗೆ, ಬೆರಳಿಂದ ಬುಡಕ್ಕೆ ತೂಗಬೇಕು. ಕೇಳಬೇಕಾದ್ದು ಮೂರೇ: ಒಂದು ಸ್ಲ್ಯಾಪ್, ಎರಡು ಓಪನ್. ಓಪನ್‌ನಲ್ಲಿ ನಾಲ್ಕೂ ಬೆರಳು ಕೂಡಿಕೊಂಡು ಅಂಚಿನ ಒಳಕ್ಕೆ ಬಿದ್ದು ಥಟ್ಟನೆ ಪುಟಿಯಬೇಕು. ಬೆರಳು ತೊಗಲ ಮೇಲೆ ಉಳಿದರೆ ನಾದ ಅಲ್ಲೇ ಸಾಯುತ್ತದೆ. ಹೆಬ್ಬೆರಳು ಮೇಲೆತ್ತಿರಲಿ, ಅಂಚಿಗೆ ತಾಗಿದರೆ ಊದಿಕೊಳ್ಳುತ್ತದೆ. ಉಂಗುರ ತೆಗೆದಿಡಿ.

ಸರಿಯಾಗಿದೆಯೇ ಎಂದು ತಿಳಿಯಲು 3–2 ಸೋನ್ ಕ್ಲಾವೆಯ 16ರ ಚಕ್ರ ಹಾಕಿ. ತುಂಬಾವೊ ಅದರಲ್ಲಿ ಎರಡು ಸಲ ಬರುತ್ತದೆ. ಮೊದಲ ಸಲದ ಮೊದಲ ಓಪನ್ 7ನೇ ಚುಕ್ಕಿಯಲ್ಲಿ, ಕ್ಲಾವೆಯ ಮೂರನೇ ಏಟಿನ ಜೊತೆಗೇ. ಎರಡನೇ ಸಲದ ಸ್ಲ್ಯಾಪ್ 11ರಲ್ಲಿ, ಕ್ಲಾವೆಯ ನಾಲ್ಕನೇ ಏಟಿನ ಜೊತೆ. ರೆಕಾರ್ಡ್ ಮಾಡಿ ಈ ಎರಡು ಜಾಗ ಕೇಳಿ. ಒಂದೇ ಸದ್ದಾಗಿ ಕೇಳಿಸಿದರೆ ಸರಿ, 'ಟ-ಟಕ್' ಎಂದು ಒಡೆದರೆ ಇನ್ನೂ ಇಲ್ಲ.

ಪ್ರಶ್ನೆ: ಬ್ರೌಸರ್‌ನಲ್ಲಿ ನಾನೇ ಒಂದು ಚಕ್ರ ಬರೆದಿದ್ದೇನೆ. ಐದು ನಿಮಿಷದಲ್ಲಿ ಮುಳ್ಳು ಒಂದು ಕಡೆ, ಸದ್ದು ಒಂದು ಕಡೆ.
– ಸಾಫ್ಟ್‌ವೇರ್ ಕೆಲಸದಲ್ಲಿರುವ ಓದುಗರು

ಉತ್ತರ: ಸೆಟ್‌ಇಂಟರ್ವಲ್‌ನಿಂದ (ಇಷ್ಟು ಹೊತ್ತಿಗೊಮ್ಮೆ ಎಂದು ಕೆಲಸ ಮಾಡಿಸುವ ಬ್ರೌಸರಿನ ಆಜ್ಞೆ) ಮುಳ್ಳನ್ನು ಒಂದೊಂದೇ ಹೆಜ್ಜೆ ತಳ್ಳುತ್ತಿದ್ದೀರಿ ಅನಿಸುತ್ತದೆ. ಅದರ ಸಣ್ಣ ಸಣ್ಣ ತಡಗಳು ಕೂಡುತ್ತಾ ಹೋಗುತ್ತವೆ, ಟ್ಯಾಬ್ ಮರೆಯಾದರೆ ಬ್ರೌಸರ್ ಅದನ್ನು ಬೇಕೆಂದೇ ನಿಧಾನಿಸುತ್ತದೆ. ಆಡಿಯೊ ಕಾಂಟೆಕ್ಸ್ಟ್‌ನ ಕರೆಂಟ್‌ಟೈಮ್ (ಬ್ರೌಸರಿನ ಸದ್ದಿನ ಸ್ವಂತ ಗಡಿಯಾರ) ಒಂದನ್ನೇ ಯಜಮಾನನನ್ನಾಗಿ ಮಾಡಿ. ಟೈಮರ್ 25 ಮಿಲಿಸೆಕೆಂಡಿಗೊಮ್ಮೆ ಎದ್ದು ಮುಂದಿನ 100 ಮಿಲಿಸೆಕೆಂಡಿನ ಏಟುಗಳನ್ನು ಆ ಗಡಿಯಾರಕ್ಕೆ ಬರೆದಿಡಲಿ. ಮುಳ್ಳನ್ನು ತಳ್ಳಲೇಬೇಡಿ. ಚಿತ್ರ ಬರೆಯುವ ಪ್ರತಿ ಸಲವೂ ಕರೆಂಟ್‌ಟೈಮ್‌ನಿಂದ ಆರಂಭದ ಹೊತ್ತನ್ನು ಕಳೆದು, ಚಕ್ರದ ಅವಧಿಯಿಂದ ಭಾಗಿಸಿ, ಉಳಿದ ಭಿನ್ನರಾಶಿಯನ್ನು 360ರಿಂದ ಗುಣಿಸಿ. ಅದೇ ಮುಳ್ಳಿನ ಕೋನ.

ಪ್ರಶ್ನೆ: ನಮ್ಮ ಸಿದ್ಧಿಯರ ಡಮಾಮಿ ಡೋಲಿಗೂ ಕ್ಯೂಬಾದ ಲಯಗಳಿಗೂ ಒಂದೇ ಮೂಲವೇ?
– ಯಲ್ಲಾಪುರದ ಓದುಗರು

ಉತ್ತರ: ಒಂದೇ ಖಂಡ, ಆದರೆ ಬೇರೆ ತೀರ. ಉತ್ತರ ಕನ್ನಡದ ಸಿದ್ಧಿಯರ ಹಿರಿಯರಲ್ಲಿ ಹೆಚ್ಚಿನವರು ಬಂದದ್ದು ಆಫ್ರಿಕಾದ ಪೂರ್ವ ಭಾಗದಿಂದ. ಕ್ಯೂಬಾಕ್ಕೆ ಗುಲಾಮರಾಗಿ ಒಯ್ಯಲ್ಪಟ್ಟವರಲ್ಲಿ ಬಹುಪಾಲು ಇಂದಿನ ನೈಜೀರಿಯಾ, ಬೆನಿನ್, ಕಾಂಗೋ ಕಡೆಯವರು. ಅಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1886ರಲ್ಲಿ. ಕ್ಯೂಬಾದ ಚಕ್ರವನ್ನು ತಂದು ಡಮಾಮಿಗೆ ಹೊಂದಿಸಬೇಡಿ. ಡಮಾಮಿಯನ್ನು ಡಮಾಮಿ ನುಡಿಸುವ ಹಿರಿಯರಿಂದಲೇ ಕೇಳಿ ಕಲಿಯಿರಿ, ಅವರು ನಿಮ್ಮ ಊರಿನಲ್ಲೇ ಇದ್ದಾರೆ.

ಪ್ರಶ್ನೆ: ಕ್ಲಾವೆ ಕೋಲು, ಗಂಟೆ ಇಲ್ಲಿ ಸಿಗುವುದಿಲ್ಲ. ಏನು ಮಾಡಲಿ?
– ದಾವಣಗೆರೆಯ ಓದುಗರು

ಉತ್ತರ: ಕೋಲಾಟದ ಗಟ್ಟಿಮರದ ಕೋಲನ್ನು 20 ಸೆಂಟಿಮೀಟರಿಗೆ ಕತ್ತರಿಸಿ ಎರಡು ತುಂಡು ಮಾಡಿಕೊಳ್ಳಿ, ಎರಡೂವರೆ ಸೆಂಟಿಮೀಟರ್ ದಪ್ಪವಿದ್ದರೆ ಒಳ್ಳೆಯದು. ಒಂದನ್ನು ಬೊಗಸೆಯಂತೆ ಬಾಗಿಸಿದ ಎಡಗೈಯ ಬೆರಳ ತುದಿ ಮತ್ತು ಹೆಬ್ಬೆರಳ ಮೇಲೆ ಸಡಿಲವಾಗಿ ಇಡಿ, ಕೆಳಗೆ ಅಂಗೈ ಟೊಳ್ಳಾಗಿರಲಿ. ಇನ್ನೊಂದರಿಂದ ಅದರ ನಡುವಿಗೆ ಹೊಡೆಯಿರಿ. 'ಟಪ್' ಎಂದರೆ ಹಿಡಿತ ಬಿಗಿಯಾಗಿದೆ, 'ಟಿಂಗ್' ಎನ್ನುವ ತನಕ ಸಡಿಲಿಸಿ. ಇನ್ನು ಗಂಟೆ. ಕ್ಯೂಬಾದಲ್ಲಿ ಬೆಂಬೆಗೆ 'ಗ್ವಾತಾಕಾ' ಎಂಬ ಗುದ್ದಲಿಯ ಅಲಗನ್ನೇ ಬಡಿಯುತ್ತಾರೆ. ಕಾವು ತೆಗೆದ ಹಳೆಯ ಗುದ್ದಲಿಯೊಂದು, ಬಡಿಯಲು ದಪ್ಪ ಮೊಳೆಯೊಂದು ಇದ್ದರೆ ಆಯಿತು. ಅಲಗನ್ನು ಕಾವಿನ ತೂತಿನ ಕಡೆ ಬೆರಳಲ್ಲಿ ಹಿಡಿಯಿರಿ, ಅಂಗೈ ತಾಗಿದರೆ ನಾದ ನಿಲ್ಲುತ್ತದೆ.