ಕ್ಷಯರೋಗಿಯ ತಟ್ಟೆ, ಲೋಟಗಳನ್ನು ಬೇರೆ ಇಡಬೇಕೇ?

ಮನೆಯಲ್ಲಿ ಒಬ್ಬರಿಗೆ ಕ್ಷಯ ಬಂದರೆ ಅವರ ತಟ್ಟೆ, ಲೋಟಗಳನ್ನು ಬೇರೆ ಇಡಬೇಕೇ ಎಂದು ಕೇಳಿದ್ದೀರಿ, ಇಡಬೇಕಾಗಿಲ್ಲ. ಜರ್ಮನ್ ವೈದ್ಯ ರಾಬರ್ಟ್ ಕಾಖ್ 1882ರಲ್ಲಿ ಗುರುತಿಸಿದ ಈ ರೋಗದ ಬ್ಯಾಕ್ಟೀರಿಯಾ ಹರಡುವುದು ಗಾಳಿಯ ಮೂಲಕ. ಶ್ವಾಸಕೋಶದ ಕ್ಷಯವಿರುವವರು ಕೆಮ್ಮಿದಾಗ ಅಥವಾ ಸೀನಿದಾಗ ಹೊರಬೀಳುವ ಸೂಕ್ಷ್ಮ ಕಣಗಳು ಗಾಳಿಯಾಡದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿದ್ದು, ಅದೇ ಗಾಳಿಯನ್ನು ಬಹುಕಾಲ ಉಸಿರಾಡುವವರ ಶ್ವಾಸಕೋಶವನ್ನು ಸೇರುತ್ತವೆ. ಆದ್ದರಿಂದ ಪಾತ್ರೆಯ ಚಿಂತೆಗಿಂತ ಕಿಟಕಿ ತೆರೆದಿಡುವುದು ಮುಖ್ಯ. ಮೂಳೆ ಅಥವಾ ದುಗ್ಧರಸ ಗ್ರಂಥಿಗಳಲ್ಲಿ (ಲಿಂಫ್ ನೋಡ್) ಮಾತ್ರ ಇರುವ ಕ್ಷಯವಂತೂ ಸಾಮಾನ್ಯವಾಗಿ ಹರಡುವುದೇ ಇಲ್ಲ.

ಸೋಂಕು ತಗುಲುವುದು ಬೇರೆ, ರೋಗ ಬರುವುದು ಬೇರೆ ಎಂಬುದನ್ನು ಹಲವರು ಮರೆಯುತ್ತಾರೆ. ಸೋಂಕಿತರಲ್ಲಿ ಸುಮಾರು ಶೇ 5ರಿಂದ 10ರಷ್ಟು ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ರೋಗ ಕಾಣಿಸಿಕೊಳ್ಳುತ್ತದೆ. ಅಪೌಷ್ಟಿಕತೆ, ಮಧುಮೇಹ, ಧೂಮಪಾನ ಮತ್ತು ವಿಶೇಷವಾಗಿ ಎಚ್‌ಐವಿ ಈ ಅಪಾಯವನ್ನು ಹೆಚ್ಚಿಸುತ್ತವೆ.

ರೋಗಿಯನ್ನು ಮನೆಯಿಂದಲೇ ದೂರವಿಡಬೇಕೆಂಬ ಹಳೆಯ ನಂಬಿಕೆಯನ್ನು 1950ರ ದಶಕದ ಕೊನೆಯಲ್ಲಿ ಮದ್ರಾಸಿನಲ್ಲಿ ನಡೆದ ಅಧ್ಯಯನವೊಂದು ಅಲುಗಾಡಿಸಿತು: ಸ್ಯಾನಟೋರಿಯಂ (ಕ್ಷಯರೋಗಿಗಳನ್ನು ಇರಿಸಿಕೊಂಡು ಚಿಕಿತ್ಸೆ ನೀಡುತ್ತಿದ್ದ ಆಸ್ಪತ್ರೆ) ಸೇರಿದವರ ಕುಟುಂಬಗಳಿಗೆ ಹೋಲಿಸಿದರೆ, ಮನೆಯಲ್ಲೇ ಚಿಕಿತ್ಸೆ ಪಡೆದವರ ಕುಟುಂಬದವರಿಗೆ ಹೆಚ್ಚಿನ ಅಪಾಯವೇನೂ ಕಂಡುಬರಲಿಲ್ಲ. ಸರಿಯಾದ ಔಷಧಿ ಆರಂಭವಾದ ಮೇಲೆ ರೋಗ ಹರಡುವ ಸಾಧ್ಯತೆ ಕೆಲವೇ ವಾರಗಳಲ್ಲಿ ಬಹಳ ಇಳಿಯುತ್ತದೆ. ಅಲ್ಲಿಯವರೆಗೆ ರೋಗಿಯು ಮಾಸ್ಕ್ ಧರಿಸಿ ಪ್ರತ್ಯೇಕವಾಗಿ ಮಲಗುವುದು ಒಳ್ಳೆಯದು. ಮನೆಯವರೆಲ್ಲರೂ, ಅದರಲ್ಲೂ ಐದು ವರ್ಷದೊಳಗಿನ ಮಕ್ಕಳು, ತಪ್ಪದೆ ತಪಾಸಣೆ ಮಾಡಿಸಿಕೊಳ್ಳಬೇಕು.