ಬೆಳಗಾವಿ–ಬೆಂಗಳೂರು 445 ಕಿ.ಮೀ., ಟಿಕೆಟ್‌ನಲ್ಲಿ ಒಂದೂಕಾಲು ತಾಸು ಯಾಕೆ?

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ, ಜೆಟ್ಟಿಗೆ ಅರ್ಧ ತಾಸು ಸಾಕಲ್ಲವೇ, ಇಳಿದ ಮೇಲೆ ಮುಂದಿನ ವಿಮಾನಕ್ಕೆ ಎಷ್ಟು ಅಂತರ ಇಟ್ಟುಕೊಳ್ಳಬೇಕು ಅಂತ ಕೇಳಿದ್ದೀರಿ.

ನೇರ ಗೆರೆ ಎಳೆದರೆ ಸುಮಾರು 445 ಕಿ.ಮೀ., ಅಂದರೆ 240 ನಾಟಿಕಲ್ ಮೈಲು. ಲೆಕ್ಕ ನೀವೇ ಹಾಕಬಹುದು. ಎರಡೂ ನಿಲ್ದಾಣಗಳ ಅಕ್ಷಾಂಶದ ವ್ಯತ್ಯಾಸ 2.66 ಡಿಗ್ರಿ, ಡಿಗ್ರಿಗೆ 111 ಕಿ.ಮೀ.ಯಂತೆ ದಕ್ಷಿಣಕ್ಕೆ 295. ರೇಖಾಂಶದ ವ್ಯತ್ಯಾಸ 3.09 ಡಿಗ್ರಿ, ನಮ್ಮ ಭಾಗದಲ್ಲಿ ಇದನ್ನು 111ರ ಜೊತೆಗೆ 0.968ರಿಂದಲೂ ಗುಣಿಸಬೇಕು, ಪೂರ್ವಕ್ಕೆ 332. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. ರಸ್ತೆಯಲ್ಲಾದರೆ 500 ಕಿ.ಮೀ. ದಾಟುತ್ತದೆ.

ಇನ್ನು ಸಮಯ. 445ನ್ನು ಜೆಟ್ಟಿನ ವೇಗ ಗಂಟೆಗೆ 800 ಕಿ.ಮೀ. ಅಂತ ಹಿಡಿದು ಭಾಗಿಸಿದರೆ 33 ನಿಮಿಷ ಬರುತ್ತದೆ ನಿಜ, ಆದರೆ ಇಷ್ಟು ಸಣ್ಣ ದಾರಿಯಲ್ಲಿ ಜೆಟ್ ಆ ವೇಗದಲ್ಲಿ ಹಾರುವುದೇ ಸ್ವಲ್ಪ ಹೊತ್ತು. 30,000 ಅಡಿಗೆ ಏರಿದೆ ಅಂದುಕೊಳ್ಳಿ. ಪೈಲಟ್‌ಗಳ ರೂಢಿಯ ಲೆಕ್ಕದಂತೆ ಸಾವಿರ ಅಡಿ ಇಳಿಯಲು 3 ನಾಟಿಕಲ್ ಮೈಲು ಬೇಕು. ಬೆಂಗಳೂರು ನಿಲ್ದಾಣವೇ 3,000 ಅಡಿ ಎತ್ತರದಲ್ಲಿದೆ, ಹಾಗಾಗಿ 27,000 ಅಡಿ ಇಳಿಯಲು 81 ನಾಟಿಕಲ್ ಮೈಲು, ಅಂದರೆ 150 ಕಿ.ಮೀ. ಏರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ. ಮೇಲಾಗಿ 10,000 ಅಡಿಯ ಕೆಳಗೆ 250 ನಾಟ್ (ಗಂಟೆಗೆ ಸುಮಾರು 463 ಕಿ.ಮೀ.) ವೇಗದ ಮಿತಿ ಇದೆ. ಎಟಿಆರ್ ಗಂಟೆಗೆ 500 ಕಿ.ಮೀ. ಹೋಗುವ ಪ್ರೊಪೆಲ್ಲರ್ ವಿಮಾನವಾದರೂ ಈ ದಾರಿಯಲ್ಲಿ ಜೆಟ್ಟಿಗಿಂತ ಬಹಳ ಹಿಂದೆ ಬೀಳದಿರುವುದು ಇದಕ್ಕೇ.

ಗಾಳಿಯದೂ ಪಾಲಿದೆ. ಎರಡೂ ಕಡೆ ರನ್‌ವೇ ಪೂರ್ವ–ಪಶ್ಚಿಮ. ಮಳೆಗಾಲದ ಪಡುವಣ ಗಾಳಿಗೆ ಎದುರಾಗಿ ಸಾಂಬ್ರಾದಿಂದ ಪಶ್ಚಿಮಕ್ಕೆ ಏರಿ ಹೊರಳಬೇಕು. ಬೆಂಗಳೂರಿನಲ್ಲಿ ನಿಲ್ದಾಣ ದಾಟಿ ಪೂರ್ವಕ್ಕೆ ಹೋಗಿ, ತಿರುಗಿ ಬಂದು ಇಳಿಯಬೇಕು. ಚಳಿಗಾಲದ ಮೂಡಣ ಗಾಳಿಯಲ್ಲಿ ಈ ಎರಡೂ ಸುತ್ತು ತಪ್ಪುತ್ತವೆ.

ಟಿಕೆಟ್‌ನಲ್ಲಿ ಇರುವುದು ಬರೀ ಹಾರಾಟದ ಸಮಯವಲ್ಲ. ಇಲ್ಲಿ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ನಿಲ್ಲುವವರೆಗಿನದು. ಬೆಂಗಳೂರಿನಲ್ಲಿ ಇಳಿದ ಮೇಲೆ ನೆಲದ ಮೇಲೇ ಹತ್ತು ನಿಮಿಷ ಓಡುವುದು ಸಾಮಾನ್ಯ. ಆದ್ದರಿಂದ ಒಂದೂಕಾಲು ತಾಸನ್ನೇ ನಂಬಿ.

ಮುಂದಿನ ವಿಮಾನ ಅದೇ ಟಿಕೆಟ್‌ನಲ್ಲಿದ್ದರೆ ಕಂಪನಿ ಕೊಟ್ಟ ಅಂತರ ನಡೆಯುತ್ತದೆ, ತಪ್ಪಿದರೆ ಬೇರೆ ವ್ಯವಸ್ಥೆ ಮಾಡುವ ಹೊಣೆ ಅವರದು. ಬೇರೆ ಬೇರೆ ಟಿಕೆಟ್ ಆದರೆ ಬ್ಯಾಗ್ ತೆಗೆದುಕೊಂಡು ಹೊರಬಂದು ಮತ್ತೆ ಚೆಕ್‌ಇನ್ ಮಾಡಬೇಕು. ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮೊದಲೇ ಮುಚ್ಚುತ್ತದೆ. ದೇಶದೊಳಗಿನದಕ್ಕೆ ಮೂರು ತಾಸು, ವಿದೇಶಕ್ಕೆ ಐದು ತಾಸು ಬಿಡಿ ಅನ್ನುತ್ತೇನೆ. ವಿದೇಶದ ವಿಮಾನಗಳು ಟರ್ಮಿನಲ್ 2ರಿಂದ ಹೊರಡುತ್ತವೆ. ನೀವು 1ರಲ್ಲಿ ಇಳಿದರೆ ಶಟಲ್ ಬಸ್ ಹಿಡಿಯಬೇಕು.

ಜುಲೈ–ಆಗಸ್ಟ್‌ನಲ್ಲಿ ಇದೂ ಸಾಲದು. ಸಾಂಬ್ರಾದಲ್ಲಿ ಮೋಡ ತೀರಾ ಕೆಳಗಿಳಿದರೆ ಬರುವ ವಿಮಾನ ಇಳಿಯಲಾಗದೆ ಬೇರೆ ಕಡೆ ಹೋಗುತ್ತದೆ, ನಿಮ್ಮನ್ನು ಒಯ್ಯಬೇಕಾದದ್ದೂ ಅದೇ ವಿಮಾನ. ಆ ತಿಂಗಳಲ್ಲಿ ವಿದೇಶಕ್ಕೆ ಹೊರಟಿದ್ದರೆ ಹಿಂದಿನ ರಾತ್ರಿಯ ರೈಲಿಗೆ ಬೆಂಗಳೂರು ಸೇರಿಕೊಳ್ಳಿ.