ತೊಟ್ಟಿನ ಬುಡವನ್ನೂ ನೋಡಿ

ಪ್ರಿಯರೇ,

‘ಬೇಲಿಯ ಹಳದಿ’ ಎಂಬ ನಿಮ್ಮ ಲೇಖನ ಕೈಸೇರಿದೆ. ಮಳೆಗಾಲದ ಬೇಲಿಸಾಲನ್ನೂ ಸೊಪ್ಪು ಕೊಯ್ಯಲು ಹೊರಟ ಅಜ್ಜಿಯನ್ನೂ ಚೆನ್ನಾಗಿ ಚಿತ್ರಿಸಿದ್ದೀರಿ, ಭಾಷೆ ಸ್ವಚ್ಛವಾಗಿದೆ. ಹಾಗಿದ್ದೂ ಮೂರನೆಯ ಪುಟಕ್ಕೆ ಬಂದಾಗ ನಾನು ಕನ್ನಡಕ ತೆಗೆದಿಟ್ಟು ಎದ್ದು ಓಡಾಡಬೇಕಾಯಿತು. ಆ ಪುಟದ ಬಗ್ಗೆಯಷ್ಟೇ ಬರೆಯುತ್ತೇನೆ.

“ಚಗಟೆಯ ಕಿರುಎಲೆಗಳು ಐದು ಜೊತೆ, ತುದಿ ಈಟಿಯಂತೆ ಚೂಪು” ಎಂದು ಆರಂಭಿಸಿದ್ದೀರಿ. ಚಗಟೆ, ಅಂದರೆ ಘಟ್ಟದ ಮೇಲಿನವರ ತಗಚೆ, ತುಳುವರ ತಜಂಕ್, ಸಾಮಾನ್ಯವಾಗಿ ಬಿಡುವುದು ಮೂರೇ ಜೊತೆ. ಅವು ಬುಡದಲ್ಲಿ ಕಿರಿದಾಗಿ, ತುದಿಯಲ್ಲಿ ಅಗಲವಾಗಿ ದುಂಡಗಿದ್ದು, ದೂರದಿಂದ ಶೇಂಗಾ ಎಲೆಯೆನಿಸುತ್ತವೆ. ಐದು ಜೊತೆ, ಚೂಪು ತುದಿ ಎಂದರೆ ಅದು ದೊಡ್ಡ ತಗಚೆ, ಸಂಸ್ಕೃತದ ಕಾಸಮರ್ದ. ಸಸ್ಯಶಾಸ್ತ್ರದಲ್ಲಿ ಮೊದಲನೆಯದು ಸೆನ್ನಾ ಟೋರಾ, ಎರಡನೆಯದು ಸೆನ್ನಾ ಆಕ್ಸಿಡೆಂಟಾಲಿಸ್.

“ಕಾಯಿ ಚಪ್ಪಟೆ, ಅಂಚಿನಲ್ಲಿ ತಿಳಿಬಣ್ಣದ ಪಟ್ಟಿ.” ಕಂಡದ್ದನ್ನು ಸರಿಯಾಗಿಯೇ ಬರೆದಿದ್ದೀರಿ, ಹೆಸರು ಮಾತ್ರ ಬೇರೆ ಗಿಡದ್ದು. ಚಗಟೆಯ ಕಾಯಿ ಸಣಕಲಾಗಿ, ಉದ್ದವಾಗಿ, ಕುಡುಗೋಲಿನಂತೆ ಬಾಗಿರುತ್ತದೆ.

“ಎಳೆಯ ಕುಡಿ ಪಲ್ಯಕ್ಕೆ ಬಲು ರುಚಿ, ಬೀಜವನ್ನು ಮಕ್ಕಳು ಆಡುತ್ತಾಡುತ್ತ ತಿನ್ನುವುದುಂಟು.” ನನ್ನನ್ನು ಎಬ್ಬಿಸಿದ್ದು ಈ ವಾಕ್ಯ. ದೊಡ್ಡ ತಗಚೆಯ ಹಸಿ ಬೀಜ ವಿಷ. ಮೇವಿನಲ್ಲಿ ಬೆರೆತರೆ ದನಗಳ ಸ್ನಾಯುಗಳು ಹಾಳಾಗಿ ಅವು ನೆಲ ಹಿಡಿಯುತ್ತವೆ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಮಳೆಗಾಲ ಮುಗಿಯುತ್ತಲೇ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ, ವೈರಾಣುವಿನದೆಂದು ಬಹುಕಾಲ ನಂಬಿದ್ದ ಕಾಯಿಲೆಗೆ ಈ ಬೀಜವೇ ಕಾರಣವೆಂದು ವೈದ್ಯರು ಗುರುತಿಸಿದ್ದು 2007ರ ಸುಮಾರಿಗೆ.

ನೀವು ಕಳಿಸಿದ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಎಲೆತೊಟ್ಟು ಕಾಂಡಕ್ಕೆ ಅಂಟುವ ಜಾಗದಲ್ಲಿ ಸಾಸಿವೆಯಂಥ ಒಂದೇ ಒಂದು ಕಪ್ಪು ಗ್ರಂಥಿ ಕುಳಿತಿದೆ. ಚಗಟೆಯಲ್ಲಾಗಿದ್ದರೆ ಬುಡದಲ್ಲಿ ಏನೂ ಇರದೆ, ಕೆಳಗಿನ ಕಿರುಎಲೆ ಜೊತೆಗಳ ನಡುವೆ ಕಡ್ಡಿಯಂಥ ಗ್ರಂಥಿ ಕಾಣಬೇಕಿತ್ತು. (ಕೆಳಗಿನ ಎರಡು ಜೊತೆಗಳಲ್ಲೂ ಇದ್ದರೆ ಟೋರಾ, ತೀರಾ ಕೆಳಗಿನದರಲ್ಲಿ ಮಾತ್ರ ಇದ್ದರೆ ಅದರ ಅವಳಿಯಂತಿರುವ ಆಬ್ಟುಸಿಫೋಲಿಯಾ, ಅಷ್ಟು ಸೂಕ್ಷ್ಮವನ್ನು ನಿಮ್ಮಿಂದ ಕೇಳುತ್ತಿಲ್ಲ.) ಇರುವೆಗಳು ಗಿಡ ಹತ್ತುವುದು ಇಂಥ ಗ್ರಂಥಿಗಳ ಸಿಹಿಗಾಗಿ. ದುಂಬಿ “ಹೂವಿನ ಮಕರಂದ ಹೀರಿತು” ಎಂದಿದ್ದೀರಿ; ಸೆನ್ನಾ ಹೂವಿನಲ್ಲಿ ಮಕರಂದವೇ ಇಲ್ಲ. ದುಂಬಿ ಕೇಸರಗಳನ್ನು ತಬ್ಬಿ ಗುಂಯ್ಗುಟ್ಟುತ್ತ ಅದುರಿಸಿ, ಪರಾಗಕೋಶದ ತುದಿಯ ರಂಧ್ರದಿಂದ ಪರಾಗವನ್ನು ಉದುರಿಸಿಕೊಳ್ಳುತ್ತದೆ.

ನಾನು ಕರಡು ತಿದ್ದುವ ಕೆಲಸಕ್ಕೆ ಸೇರಿದ ವರ್ಷ, ತಂಗಡಿಯ ಬಗೆಗಿನ ಪುಟ್ಟ ಬರಹವೊಂದಕ್ಕೆ ರಸ್ತೆಬದಿಯ ಸೀಮೆ ತಂಗಡಿಯ ಚಿತ್ರ ಹಾಕಿಬಿಟ್ಟಿದ್ದೆ. ಎರಡೂ ಹಳದಿ ತಾನೆ! ಸಂಪಾದಕರು ಬೈಯಲಿಲ್ಲ, “ಇದರ ಕಿವಿ ಎಲ್ಲಯ್ಯಾ?” ಎಂದಷ್ಟೇ ಕೇಳಿ, ಮರುದಿನ ಚಿತ್ರದುರ್ಗದ ಬಸ್ಸು ಹತ್ತಿಸಿದರು. ಬಯಲಿನ ಬಿಸಿಲಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದಾಗ ತಂಗಡಿಯ ಎಲೆತೊಟ್ಟಿನ ಬುಡದಲ್ಲಿ ಅಗಲವಾದ ಎರಡು ಕಾವಿನೆಲೆಗಳು ಥೇಟ್ ಕಿವಿಗಳಂತೆ ನಿಂತಿದ್ದವು. ಆರಿಕ್ಯುಲೇಟಾ ಎಂಬ ಅದರ ಹೆಸರಿನಲ್ಲಿರುವುದೂ ಆ ಕಿವಿಯೇ. ಸೀಮೆ ತಂಗಡಿಗೆ ಕಿವಿಯೂ ಇಲ್ಲ, ತೊಟ್ಟಿನ ಮೇಲೆ ಗ್ರಂಥಿಯೂ ಇಲ್ಲ. ಬಸ್ ಚಾರ್ಜು ನನ್ನ ಸಂಬಳದಿಂದಲೇ ಹೋಯಿತು.

ಲೇಖನವನ್ನು ಹಿಂದಿರುಗಿಸುತ್ತಿದ್ದೇನೆ. ಅಜ್ಜಿ ಕೊಯ್ದದ್ದು ಚಗಟೆಯೇ ಇರಬೇಕು, ಅಷ್ಟು ವರ್ಷ ಸೊಪ್ಪು ಕೊಯ್ದ ಕೈ ತಪ್ಪಿರಲಾರದು. ಅವರು ಮುಂದೆ ಹೋದ ಮೇಲೆ ನೀವು ಪಕ್ಕದ ಗಿಡಕ್ಕೆ ಕ್ಯಾಮೆರಾ ಹಿಡಿದಿದ್ದೀರಿ. ಬರುವ ಆಷಾಢದಲ್ಲಿ ಅವರ ಜೊತೆಯಲ್ಲೇ ನಡೆದು, ಎರಡೂ ಗಿಡಗಳ ಒಂದೊಂದು ಎಲೆಯನ್ನು ತೊಟ್ಟಿನ ಬುಡಸಮೇತ ಕಿತ್ತು, ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒಣಗಿಸಿ, ತಿದ್ದಿದ ಮೂರನೆಯ ಪುಟದೊಂದಿಗೆ ಕಳಿಸಿ.

ಇಂತಿ,
ಸಂಪಾದಕ